ಇಯರ್ ಬ್ಯಾಕ್ ಆದವರಿಗೆ ಕೆಲಸದ ದಾರಿ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂಜಿನಿಯರಿಂಗ್ ಫಲಿತಾಂಶ ಬಂದ ವಾರಗಳಲ್ಲಿ, ವಿಷಯಗಳು ಉಳಿದು ಮುಂದಿನ ವರ್ಷಕ್ಕೆ ಹೋಗಲಾಗದೆ ಇಯರ್ ಬ್ಯಾಕ್ ಆದ ಸೇಡಂ, ಚಿತ್ತಾಪುರ, ಆಳಂದ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ, ನಂದು ಎರಡು ವರ್ಷ ಗ್ಯಾಪ್ ಅದ, ಇನ್ನ ಯಾರಾದರೂ ಕೆಲಸಕ್ಕ ತೊಗೋತಾರೇನ್ರಿ?" ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯೊಂದರ ವಿದ್ಯುತ್ ನಿರ್ವಹಣಾ ವಿಭಾಗದಲ್ಲಿ ದುಡಿಯುತ್ತಿರುವ ನಾನು ಆಗಾಗ ಸಂದರ್ಶನ ನಡೆಸುವವರ ಸಾಲಿನಲ್ಲಿಯೂ ಕುಳಿತಿರುತ್ತೇನೆ. ಆದ್ದರಿಂದ ಈ ಪ್ರಶ್ನೆಗೆ ಸಮಾಧಾನದ ಮಾತಿಗಿಂತ ವಿವರವಾದ ಉತ್ತರವನ್ನು ಕೊಡುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಮುಚ್ಚಿಹೋಗುವ ಬಾಗಿಲು ಯಾವುದೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕ್ಯಾಂಪಸ್ ನೇಮಕಾತಿಗೆ ಬರುವ ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಕಡೆ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ 60 ಅಂಕ ಇರಬೇಕು, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರಬಾರದು, ಓದಿನ ನಡುವೆ ದೊಡ್ಡ ಅಂತರ ಇರಬಾರದು ಎಂಬ ಷರತ್ತುಗಳಿರುತ್ತವೆ. ಸಾವಿರಾರು ಅರ್ಜಿಗಳನ್ನು ಒಂದೇ ದಿನದಲ್ಲಿ ಸೋಸಲು ಅವರು ಕಂಡುಕೊಂಡ ಸುಲಭದ ಉಪಾಯ ಅದು. ಯಾರಿಗೆ ಮೋಟಾರಿನ ದೋಷ ಹುಡುಕಲು ಬರುತ್ತದೆ, ಯಾರಿಗೆ ಬಾರದು ಎಂಬುದನ್ನು ಅದು ಅಳೆಯುವುದಿಲ್ಲ. ಆದರೆ ಕಾಲೇಜಿನ ನಾಲ್ಕು ಗೋಡೆಗಳ ಒಳಗೆ ಇರುವಾಗ ಈ ಒಂದು ಸೋಸುವಿಕೆಯೇ ಇಡೀ ವೃತ್ತಿಯ ತೀರ್ಪಿನಂತೆ ಕಾಣುತ್ತದೆ, ಮಕ್ಕಳು ಕುಸಿಯುವುದು ಅಲ್ಲಿಯೇ.

ಹಿಂದೆ ಬಿದ್ದ ಕಾರಣಗಳನ್ನು ಕೇಳಿದರೆ ಸೋಮಾರಿತನದ ಕತೆ ಸಿಗುವುದು ಅಪರೂಪ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಇಂಗ್ಲಿಷ್ ಪಾಠ ಕಿವಿಗೆ ಹಿಡಿಯುವಷ್ಟರಲ್ಲಿ ಮೊದಲ ಎರಡು ಸೆಮಿಸ್ಟರ್ ಮುಗಿದುಹೋಗಿರುತ್ತವೆ. ಎಂ-ಒನ್ (ಮೊದಲ ಸೆಮಿಸ್ಟರಿನ ಗಣಿತ) ಪಾಸಾಗದೆ ಉಳಿಸಿಕೊಂಡವರಿಗೆ ಎಂ-ಥ್ರೀ (ಮೂರನೆಯ ಸೆಮಿಸ್ಟರಿನ ಗಣಿತ) ಕಬ್ಬಿಣದ ಕಡಲೆಯಾಗುತ್ತದೆ. ತೊಗರಿ ಕೈಕೊಟ್ಟ ವರ್ಷ ಫೀಸು ಕಟ್ಟಲಾಗದವರು, ತಂದೆಯ ಡಯಾಲಿಸಿಸ್‌ಗಾಗಿ ಸೊಲ್ಲಾಪುರಕ್ಕೂ ಹೈದರಾಬಾದಿಗೂ ಓಡಾಡಿದವರು, ತಾಯಿಯನ್ನು ಕಳೆದುಕೊಂಡು ಒಂದು ವರ್ಷ ಪುಸ್ತಕ ಮುಟ್ಟದವರು ಇದ್ದಾರೆ. ರಾತ್ರಿ ನಿದ್ರೆ ಬಾರದೆ, ಬದುಕೇ ಬೇಡವೆನ್ನಿಸುವ ಸ್ಥಿತಿಯಲ್ಲಿರುವವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದು ಕೈಮುಗಿದು ಕೇಳುತ್ತೇನೆ. ಅದು ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಕೆಲಸದ ವಿಚಾರ ಆಮೇಲೆ.

ಉಳಿದವರಿಗೆ ನನ್ನ ಮೊದಲ ಮಾತು: ಬ್ಯಾಕ್‌ಲಾಗ್ ಮುಗಿಸದೆ ಬೆಂಗಳೂರಿನ ಗಾಡಿ ಹತ್ತಬೇಡಿ. ನಾಲ್ಕು ವರ್ಷದ ಬಿಇ ಮುಗಿಸಲು ವಿಟಿಯು 8 ವರ್ಷಗಳ ಮಿತಿ ಇಟ್ಟಿದೆ. ಪೇಯಿಂಗ್ ಗೆಸ್ಟ್ ಬಾಡಿಗೆಗೆ ದುಡಿಯುತ್ತ ಎರಡು ವಿಷಯಗಳನ್ನು ಹಾಗೆಯೇ ಬಿಟ್ಟವರ ಕೈಯಿಂದ ಆ ವರ್ಷಗಳು ಜಾರಿಹೋಗುತ್ತವೆ. ಪದವಿ ಕೈಗೆ ಬಂದ ಮೇಲೆ ಎಷ್ಟು ವರ್ಷಕ್ಕೆ ಬಂತು ಎಂದು ಕೇಳದ ಬಾಗಿಲುಗಳು ಹಲವು ಇವೆ. ರೈಲ್ವೆಯ ಜೂನಿಯರ್ ಎಂಜಿನಿಯರ್ ಪರೀಕ್ಷೆಗೆ ವಯಸ್ಸು ಮತ್ತು ಅರ್ಹತೆ ಮುಖ್ಯ, ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಎಂ.ಟೆಕ್ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆಯಾದ ಗೇಟ್‌ನ ಅಂಕ 3 ವರ್ಷ ಚಾಲ್ತಿಯಲ್ಲಿರುತ್ತದೆ; ಅದರ ಮೇಲೆ ಎಂ.ಟೆಕ್ ಸೇರಿದರೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆಯ ಕಾಲೇಜುಗಳಲ್ಲಿ ತಿಂಗಳಿಗೆ ₹12,400 ವಿದ್ಯಾರ್ಥಿವೇತನವಿದೆ. ಗೇಟ್ ಮೂಲಕ ನೇಮಿಸಿಕೊಳ್ಳುವ ಸಾರ್ವಜನಿಕ ಉದ್ದಿಮೆಗಳು ಮಾತ್ರ ಸಾಮಾನ್ಯವಾಗಿ ಪದವಿಯ ಶೇಕಡಾವಾರು ಅಂಕವನ್ನೂ ನೋಡುತ್ತವೆ, ಅದನ್ನು ಅಧಿಸೂಚನೆಯಲ್ಲಿ ಓದಿಕೊಂಡೇ ಆಸೆ ಇಟ್ಟುಕೊಳ್ಳಬೇಕು.

ನಮ್ಮ ಭಾಗದವರು ಸಂವಿಧಾನದ 371(ಜೆ) ವಿಧಿಯನ್ನು ಮರೆಯಬಾರದು. 2013ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಬಿಗೆ ಶೇ 75, ಗ್ರೂಪ್ ಸಿಗೆ ಶೇ 80 ಸ್ಥಳೀಯರಿಗೆ ಮೀಸಲು. ಲೋಕೋಪಯೋಗಿ ಇಲಾಖೆಯಾಗಲಿ, ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂ ಆಗಲಿ, ಎಂಜಿನಿಯರ್ ಹುದ್ದೆಗಳಿಗೆ ಅರ್ಜಿ ಕರೆದ ಮೇಲೆ ಸಹಾಯಕ ಆಯುಕ್ತರ ಕಚೇರಿ ಕೊಡುವ 371(ಜೆ) ಅರ್ಹತಾ ಪ್ರಮಾಣಪತ್ರಕ್ಕಾಗಿ ಓಡಾಡಿ ಕೊನೆಯ ದಿನಾಂಕವನ್ನು ತಪ್ಪಿಸಿಕೊಳ್ಳುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅದನ್ನು ಇವತ್ತೇ ಮಾಡಿಸಿ ಇಟ್ಟುಕೊಳ್ಳಿ.

ಇನ್ನು ಖಾಸಗಿ ಕಾರ್ಖಾನೆಗಳ ಮಾತು. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್, ಯಾದಗಿರಿಯ ಕಡೇಚೂರು ಮತ್ತು ಬೀದರಿನ ಕೊಳಾರ ಕೈಗಾರಿಕಾ ಪ್ರದೇಶಗಳು ನಮ್ಮ ಮನೆಯ ಮುಂದೆಯೇ ಇದ್ದರೂ ನಮ್ಮ ಮಕ್ಕಳ ಕಣ್ಣು ಸಾಫ್ಟ್‌ವೇರಿನ ಮೇಲೆಯೇ ಇರುತ್ತದೆ. ಒಮ್ಮೆ ಸಂದರ್ಶನಕ್ಕೆ ಬಂದ ಎಲೆಕ್ಟ್ರಿಕಲ್ ಹುಡುಗನೊಬ್ಬನ ಬಯೋಡೇಟಾದಲ್ಲಿ ಎರಡು ವರ್ಷಗಳ ಎದುರು "ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ" ಎಂದಿತ್ತು. ಯಾವ ಪರೀಕ್ಷೆ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ನಂತರ, ತಂದೆ ಹಾಸಿಗೆ ಹಿಡಿದಿದ್ದಾಗ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೂಲಿಗೆ ಇದ್ದೆನೆಂದು ಹೇಳಿದ. ಮೋಟಾರು ಸುಟ್ಟು ಬಂದರೆ, ಮೂರು ಫೇಸಿನ ವಿದ್ಯುತ್ತಿನಲ್ಲಿ ಒಂದು ಫೇಸ್ ತಪ್ಪಿದ್ದರಿಂದಲೇ ಸುಟ್ಟಿದೆಯೆಂದು ಹೇಗೆ ಗುರುತಿಸುತ್ತೀ ಎಂದು ನಾನು ಕೇಳಿದೆ. ಸ್ಟಾರ್ ಜೋಡಣೆಯಾದರೆ ಎರಡು ಫೇಸಿನ ಸುರುಳಿಗಳು ಕರಕಲಾಗಿ ಒಂದು ಹಾಗೆಯೇ ಉಳಿದಿರುತ್ತದೆ, ಡೆಲ್ಟಾ ಆದರೆ ಒಂದೇ ಫೇಸು ಸುಟ್ಟಿರುತ್ತದೆ ಎಂದು ಅವನು ತಡವರಿಸದೆ ಹೇಳಿದ. ಒಳ್ಳೆಯ ಅಂಕ ಪಡೆದ ಎಷ್ಟೋ ಮಂದಿ ಈ ಪ್ರಶ್ನೆಗೆ ಸುಮ್ಮನಾಗುವುದನ್ನು ನಾನು ನೋಡಿದ್ದೇನೆ. ಅಂಕದ ಮಿತಿಯ ಕಾರಣ ಅವನಿಗೆ ಟ್ರೈನಿ ಹುದ್ದೆ ಸಿಗಲಿಲ್ಲ, ಗುತ್ತಿಗೆದಾರರ ಕಡೆಯಿಂದ ನಿರ್ವಹಣೆಯ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಭದ್ರತೆಯೂ ಕಡಿಮೆ. ಆದರೂ ಪಿಎಫ್ ಕಟ್ಟುವ ಗುತ್ತಿಗೆದಾರರ ಬಳಿ ಒಂದೆರಡು ವರ್ಷ ದುಡಿದರೆ ಮುಂದಿನ ಸಂದರ್ಶನದಲ್ಲಿ ಅನುಭವವನ್ನು ಕೇಳುತ್ತಾರೆ, ಪಿಯುಸಿ ಅಂಕದ ಮಾತು ಹಿಂದಕ್ಕೆ ಸರಿಯುತ್ತದೆ. ಬೇರೆ ದಾರಿ ಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್ ಮೂಲಕ ಒಂದು ವರ್ಷದ ಪದವೀಧರ ಅಪ್ರೆಂಟಿಸ್ ತರಬೇತಿ ಇದೆ. ಸ್ಟೈಪೆಂಡ್ ಜೊತೆಗೆ ಪ್ರಮಾಣಪತ್ರವೂ ಸಿಗುತ್ತದೆ.

ಗ್ಯಾಪನ್ನು ಮುಚ್ಚಲು ಹಣ ಪಡೆದು ಸುಳ್ಳು ಅನುಭವ ಪತ್ರ ಕೊಡುವವರ ಬಳಿಗೆ ಮಾತ್ರ ಹೋಗಬೇಡಿ. ಪಿಎಫ್ ಯುಎಎನ್ ಸಂಖ್ಯೆಯಲ್ಲಿ ಯಾರ ಬಳಿ ಯಾವಾಗ ಕೆಲಸ ಮಾಡಿದಿರೆಂಬುದು ಕಾಣುತ್ತದೆ. ಸೇರಿದ ಮೇಲೆ ನಡೆಯುವ ಪರಿಶೀಲನೆಯಲ್ಲಿ ಸಿಕ್ಕಿಬಿದ್ದವರು ಕೆಲಸವನ್ನೂ ಕೊಟ್ಟ ಹಣವನ್ನೂ ಕಳೆದುಕೊಳ್ಳುತ್ತಾರೆ. ಅದರ ಬದಲು ಬಯೋಡೇಟಾದಲ್ಲಿ "ತಂದೆಯ ಅನಾರೋಗ್ಯದಿಂದ ಓದು ನಿಂತಿತ್ತು, ಆ ಅವಧಿಯಲ್ಲಿ ಇಂಥ ಕೆಲಸ ಮಾಡಿದೆ" ಎಂದು ಎರಡು ಸಾಲು ಬರೆಯಿರಿ.

ಕಲಬುರಗಿ, ಬೀದರ, ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳಲ್ಲಿ ಒಂದು ವಿನಂತಿ. ಕ್ಯಾಂಪಸ್ ಷರತ್ತಿನಿಂದ ಹೊರಗುಳಿದು ಆಮೇಲೆ ಪದವಿ ಮುಗಿಸಿದವರ ಹೆಸರು, ಶಾಖೆ, ಮಾಡಬಲ್ಲ ಕೆಲಸ ಇವುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಇಟ್ಟು ಸುತ್ತಲಿನ ಕಾರ್ಖಾನೆಗಳ ನಿರ್ವಹಣಾ ವಿಭಾಗಗಳಿಗೆ ನೇರವಾಗಿ ಕಳುಹಿಸಿ. ದುರಸ್ತಿಗಾಗಿ ಕಾರ್ಖಾನೆ ನಿಲ್ಲಿಸುವ ವಾರ್ಷಿಕ ಶಟ್‌ಡೌನ್ ಬಂದಾಗ ನಮಗೆ ಕೈಗಳು ಸಾಲುವುದಿಲ್ಲ, ಅಂಥ ಪಟ್ಟಿ ಮೇಜಿನ ಮೇಲಿದ್ದರೆ ನಾವು ಮೊದಲು ಕರೆಯುವುದು ಅವರನ್ನೇ.