ಹೊಸ ದೇವಾಲಯದಲ್ಲಿ ಮೊಣಕಾಲೂರುವುದು ಎಲ್ಲಿ?

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ನಮ್ಮ ಕರಾವಳಿಗೆ ಅದು ಮೊಂತಿ ಹಬ್ಬ, ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಅಮ್ಮನ ಪಾದಕ್ಕೆ ಹೂ ಹಾಕುತ್ತಾರೆ. ಹಬ್ಬದ ಬೆಳಿಗ್ಗೆ ಹೊಸ ತೆನೆಯ ಆಶೀರ್ವಾದ ಬಯಲಲ್ಲೇ ನಡೆದು, ಆಮೇಲೆ ಮೆರವಣಿಗೆ ಒಳಗೆ ಸಾಗುತ್ತದೆ. ಪೂರ್ವ ಫ್ರಾನ್ಸಿನ ರೋಂಶಾಂ ಊರಿನ ಬೆಟ್ಟದ ಮೇಲೂ ಅದೇ ದಿನ ಯಾತ್ರಿಕರು ಸೇರುತ್ತಾರೆ. ಅಲ್ಲಿಯೂ ಹಬ್ಬದ ಪೂಜೆ ಬಯಲಲ್ಲೇ. ಆ ಬೆಟ್ಟದ ಮರಿಯಮ್ಮನ ಗುಡಿಯನ್ನು ಕಟ್ಟಿದವರು ಲೆ ಕಾರ್ಬ್ಯೂಸಿಯೆ, ನಮ್ಮ ಚಂಡೀಗಢದ ನಕ್ಷೆ ಬರೆದವರೇ. ಅವರು ಕಥೋಲಿಕರಲ್ಲ. ಆದರೂ ಹೊಸ ಶೈಲಿಯ ದೇವಾಲಯದಲ್ಲಿ ಭಕ್ತಿ ಉಳಿಯುತ್ತದೆಯೇ ಎಂದು ಕೇಳುವವರು ಮೊದಲು ನೋಡಬೇಕಾದ ಗುಡಿ ಅದು.

ಹಳೆಯ ಗುಡಿ 1944ರ ಯುದ್ಧದಲ್ಲಿ ನೆಲಸಮವಾಗಿತ್ತು. ಅದರ ಕಲ್ಲುಗಳನ್ನೇ ಹೊಸ ಗೋಡೆಗಳೊಳಗೆ ತುಂಬಿದರು. 1955ರ ಜೂನ್ 25ರಂದು ಪ್ರತಿಷ್ಠೆಯಾಯಿತು. ಮೇಲೆ ಕಾಂಕ್ರೀಟಿನ ಭಾರೀ ಚಾವಣಿ. ನಡು ಜೋತುಬಿದ್ದು ಒಳಗಿನವರ ತಲೆಯ ಮೇಲೇ ಬಂತೇನೋ ಅನ್ನಿಸುವಂಥದ್ದು. ಆದರೆ ಚಾವಣಿ ಗೋಡೆಯನ್ನು ಮುಟ್ಟಿಲ್ಲ. ನಡುವೆ ಸುಮಾರು 10 ಸೆಂಟಿಮೀಟರ್ ಸಂದು ಬಿಟ್ಟಿದ್ದಾರೆ, ಅಲ್ಲಿಂದ ಬೆಳಕಿನ ಒಂದು ಎಳೆ ಒಳಗೆ ಬರುತ್ತದೆ. ಭಾರ ಹೊರುವ ಕಂಬಗಳು ಗೋಡೆಯೊಳಗೆ ಅಡಗಿವೆ. ಹತ್ತು ಸೆಂಟಿಮೀಟರ್ ಅಂದರೆ ಅಂಗೈ ಅಗಲ, ಅಷ್ಟೇ. ಆ ಅಂಗೈಯಗಲದ ಬೆಳಕಿಗೆ ಇಡೀ ಚಾವಣಿಯ ಭಾರ ಕರಗಿಹೋಗುತ್ತದೆ. ತಲೆ ತಾನಾಗಿ ಮೇಲೇಳುತ್ತದೆ, ಹೆಗಲು ಸಡಿಲವಾಗುತ್ತದೆ. ಹೊತ್ತು ಬಂದ ಚಿಂತೆಯನ್ನು ಇಳಿಸಿಡು ಎಂದು ಯಾರೂ ಬೋಧಿಸಬೇಕಿಲ್ಲ. ದಕ್ಷಿಣದ ಗೋಡೆ ಎಲ್ಲೋ 4 ಅಡಿ, ಎಲ್ಲೋ 12 ಅಡಿ ದಪ್ಪ. ಅದರಲ್ಲಿ ಅಳತೆಗೊಂದರಂತೆ ಕಿಟಕಿಗಳು. ಕೆಲವು ಗಾಜುಗಳ ಮೇಲೆ ನಮೋ ಮರಿಯ ಪ್ರಾರ್ಥನೆಯ ಮಾತುಗಳನ್ನು ಆ ವಾಸ್ತುಶಿಲ್ಪಿಯೇ ಕೈಯಾರೆ ಬರೆದಿದ್ದಾರೆ. ಇಷ್ಟು ಆಳದ ಕಿಟಕಿಯಿಂದ ಬರುವ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ. ಗೋಡೆಗೆ ತಾಗಿ, ಮೃದುವಾಗಿ, ಆಮೇಲೆ ನಮ್ಮ ಬಳಿ ಬರುತ್ತದೆ.

ನೆಲವನ್ನೂ ಗಮನಿಸಬೇಕು. ಬೆಟ್ಟದ ಇಳಿಜಾರನ್ನು ಸಮ ಮಾಡದೆ ಹಾಗೇ ಬಿಟ್ಟಿದ್ದಾರೆ, ನೆಲ ಬಲಿಪೀಠದ ಕಡೆಗೆ ಸಣ್ಣಗೆ ಇಳಿಯುತ್ತದೆ. ಕಾಲಿಗೆ ದಿಕ್ಕು ಗೊತ್ತಾಗುತ್ತದೆ. ಯುದ್ಧದಲ್ಲಿ ಉಳಿದ ಮರಿಯಮ್ಮನ ಹಳೆಯ ಮರದ ಪ್ರತಿಮೆಯನ್ನು ಪೂರ್ವದ ಗೋಡೆಯ ಗಾಜಿನ ಗೂಡಿನಲ್ಲಿಟ್ಟು, ತಿರುಗಿಸಲು ಬರುವಂತೆ ಮಾಡಿದ್ದಾರೆ. ದಿನದ ಪೂಜೆಗೆ ಅಮ್ಮ ಒಳಮುಖ, ಹಬ್ಬದ ದಿನ ಹೊರಮುಖ. ಅದೇ ಗೋಡೆಯ ಹೊರಬದಿಯಲ್ಲಿ ಇನ್ನೊಂದು ಬಲಿಪೀಠ, ಪ್ರವಚನಪೀಠ. ಒಳಕ್ಕೆ ಬಾಗಿದ ಗೋಡೆ ಗುರುಗಳ ದನಿಯನ್ನು ಬಯಲಿಗೆ ಎಸೆಯುತ್ತದೆ. ಒಳಗೆ ಹಿಡಿಸುವುದು ಸುಮಾರು 200 ಜನ, ಹೊರಗೆ ಬೆಟ್ಟಕ್ಕೆ ಬೆಟ್ಟವೇ ದೇವಾಲಯ. ಹಬ್ಬ ಹೇಗೆ ನಡೆಯುತ್ತದೆ ಎಂದು ತಿಳಿದ ಮೇಲೆ ಗೋಡೆ ಎಬ್ಬಿಸಿದ ಕಟ್ಟಡ ಇದು. ನಮ್ಮಲ್ಲಿ ಎಷ್ಟೋ ಕಡೆ ಮೊದಲು ಗೋಡೆ ಎದ್ದಿರುತ್ತದೆ, ಆಮೇಲೆ ಹಬ್ಬಕ್ಕೆ ಜಾಗ ಹುಡುಕುತ್ತಾರೆ.

ಹೊಸ ಶೈಲಿಗೆಲ್ಲ 1962–65ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರು ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆಯೇ ಕಾರಣ ಎಂದು ಗೊಣಗುವುದುಂಟು. ಆದರೆ ರೋಂಶಾಂ ಗುಡಿ ಆ ಸಭೆಗಿಂತ ಹಳೆಯದು. ದೈವಾರಾಧನೆಯ ಕುರಿತ ಸಭೆಯ ಸಂವಿಧಾನ ಹೊರಬಂದದ್ದು 1963ರ ಡಿಸೆಂಬರ್ 4ರಂದು. ಮರುವರ್ಷದ ಆದೇಶ ಹೇಳಿದ್ದು ಇಷ್ಟು: ಬಲಿಪೀಠ ಗೋಡೆಯಿಂದ ಬೇರೆಯಾಗಿರಲಿ, ಸುತ್ತ ನಡೆದಾಡಲು ಬರಲಿ, ಗುರುಗಳು ಜನರ ಮುಖ ನೋಡಿ ಪೂಜೆ ಅರ್ಪಿಸಲು ಆಗಲಿ. ಪವಿತ್ರ ರೊಟ್ಟಿಯನ್ನು ಇಡುವುದು ಪರಮಪ್ರಸಾದದ ಪೆಟ್ಟಿಗೆಯಲ್ಲಿ, ಒಳಬಂದವರು ಮೊಣಕಾಲೂರುವುದು ಅದರ ಕಡೆಗೆ. ಅದನ್ನು ಮೂಲೆಗೆ ತಳ್ಳಿ ಎಂದು ಯಾರೂ ಹೇಳಿಲ್ಲ. ಈಗ ಜಾರಿಯಲ್ಲಿರುವ ರೋಮನ್ ಪೂಜಾವಿಧಿಯ ಸಾಮಾನ್ಯ ನಿಯಮಗಳು ಇದನ್ನು ಬಿಡಿಸಿ ಹೇಳುತ್ತವೆ. ಪೆಟ್ಟಿಗೆ ಎದ್ದು ಕಾಣುವ, ಸುಂದರವಾದ, ಪ್ರಾರ್ಥನೆಗೆ ಒಗ್ಗುವ ಜಾಗದಲ್ಲಿರಬೇಕು (314); ಪೂಜೆ ನಡೆಯುವ ಬಲಿಪೀಠದ ಮೇಲೆ ಇರದಿರುವುದು ಸೂಕ್ತ, ಗರ್ಭಗುಡಿಯಲ್ಲೇ ಬೇರೆಡೆ ಅಥವಾ ದೇವಾಲಯಕ್ಕೆ ಸೇರಿಕೊಂಡು ಜನರ ಕಣ್ಣಿಗೆ ಬೀಳುವ ಚಿಕ್ಕ ಗುಡಿಯಲ್ಲಿ ಇಡಬಹುದು (315); ಹತ್ತಿರ ಎಣ್ಣೆಯ ಅಥವಾ ಮೇಣದ ದೀಪ ಸದಾ ಉರಿಯುತ್ತಿರಬೇಕು (316). ಹೀಗಿದ್ದೂ ಹೊಸ ದೇವಾಲಯಕ್ಕೆ ಕಾಲಿಟ್ಟ ಅಜ್ಜಿ ಸೆರಗು ತಲೆಗೆಳೆದುಕೊಂಡು, ಯಾವ ಕಡೆ ಮೊಣಕಾಲೂರಲಿ ಎಂದು ಅತ್ತಿತ್ತ ನೋಡುವ ಹಾಗಿದ್ದರೆ ತಪ್ಪು ಮಹಾಸಭೆಯದ್ದಲ್ಲ, ನಕ್ಷೆಯದ್ದು. ಪೆಟ್ಟಿಗೆಯ ಬಳಿಯ ಕೆಂಪು ದೀಪದ ಹಿಂದೆ ಕೆಂಪು, ನೀಲಿ ಎಲ್‌ಇಡಿ ಪಟ್ಟಿ ಅಂಟಿಸಿದರೆ ದೀಪ ಎಲ್ಲಿ ಕಾಣಬೇಕು?

ದುಂಡನೆಯ ದೇವಾಲಯದ ಮಾತಿಗೆ ಇಂಗ್ಲೆಂಡಿನ ಲಿವರ್‌ಪೂಲ್‌ನ ಕಥೋಲಿಕ ಪ್ರಧಾನಾಲಯ ಒಳ್ಳೆಯ ಪಾಠ. ಫ್ರೆಡರಿಕ್ ಗಿಬರ್ಡ್ ನಕ್ಷೆ, 1962ರಲ್ಲಿ ಕೆಲಸ ಶುರು, 1967ರ ಮೇ 14ರಂದು ಪ್ರತಿಷ್ಠೆ. ಬಲಿಪೀಠ ನಟ್ಟನಡುವೆ, ಸುತ್ತ ಸುಮಾರು 2,000 ಜನ. ಕೊನೆಯ ಸಾಲಿನವರಿಗೂ ರೊಟ್ಟಿ, ಪಾನಪಾತ್ರೆ ಎತ್ತುವುದು ಕಾಣಬೇಕೆಂಬುದು ಆಸೆ, ಅದು ಈಡೇರಿದೆ. ಮೇಲಿನ ಗೋಪುರದ ಬಣ್ಣದ ಗಾಜು ಜಾನ್ ಪೈಪರ್ ಮತ್ತು ಪ್ಯಾಟ್ರಿಕ್ ರೇಂಟಿಯನ್ಸ್ ಅವರ ಕೆಲಸ. ಆದರೆ ಅವಸರದ, ಮಿತ ಖರ್ಚಿನ ಕಟ್ಟಡ. ಚಾವಣಿ ಸೋರಿತು, ಹೊರಗೆ ಹಚ್ಚಿದ ಮೊಸಾಯಿಕ್ ಬಿಲ್ಲೆಗಳು ಕಳಚಿದವು, ವಿಷಯ ನ್ಯಾಯಾಲಯಕ್ಕೂ ಹೋಯಿತು. ದುಂಡನೆಯ ಕಟ್ಟಡದಲ್ಲಿ ಇನ್ನೊಂದು ತೊಡಕು ಹುಟ್ಟಿನಿಂದಲೇ ಬರುತ್ತದೆ. ಗುರುಗಳು ಯಾವ ಕಡೆ ತಿರುಗಿದರೂ ಯಾರಿಗೋ ಬೆನ್ನು. ಎದುರು ಸಾಲಿನವರ ಆಕಳಿಕೆ, ಮಕ್ಕಳಾಟ ಎಲ್ಲ ಬಲಿಪೀಠದ ಹಿನ್ನೆಲೆಯಾಗುತ್ತದೆ. ಬೀಸಣಿಗೆಯ ಹಾಗೆ ಅರ್ಧ ಬಿಚ್ಚಿದ ಆಕಾರ ಇದಕ್ಕಿಂತ ಲೇಸು: ಜನ ಹತ್ತಿರವೂ ಇರುತ್ತಾರೆ, ಶಿಲುಬೆಗೆ ಹಿಂದೊಂದು ಗೋಡೆಯೂ ಸಿಗುತ್ತದೆ.

ಕಣ್ಣಿಗಿಂತ ಕಿವಿ ಬೇಗ ಸೋಲುತ್ತದೆ. ಹಂಚಿನ ಮಾಡು, ಮರದ ಜಂತಿ, ಒರಟು ಗಾರೆ ಇದ್ದ ಹಳೆಯ ಇಗರ್ಜಿಯಲ್ಲಿ ದನಿ ಚೆದರಿ ಹೀರಿಹೋಗುತ್ತಿತ್ತು. ಈಗ ಗ್ರಾನೈಟ್ ನೆಲ, ಗಾಜಿನ ಗೋಡೆ, ನುಣುಪು ಸ್ಲ್ಯಾಬ್. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನೇರ ಬಂದ ದನಿಗಿಂತ 17 ಮೀಟರ್ ಹೆಚ್ಚು ಸುತ್ತಿ ಬಂದದ್ದು 0.05 ಸೆಕೆಂಡ್ ತಡ. ಅದಕ್ಕೂ ತಡವಾದರೆ ಮಾತು ಮಾತಿನ ಮೇಲೆ ಬೀಳುತ್ತದೆ. ಗುಮ್ಮಟ ಅಥವಾ ದುಂಡು ಗೋಡೆ ಆ ದನಿಯನ್ನೆಲ್ಲ ಒಂದೇ ಜಾಗಕ್ಕೆ ಕೂಡಿಸುತ್ತದೆ, ಅಲ್ಲಿ ಕೂತವರಿಗೆ ಶುಭಸಂದೇಶ ಬರೀ ಗದ್ದಲ. ಆಗ ಎಲ್ಲರೂ ಮಾಡುವುದು ಒಂದೇ, ವಾಲ್ಯೂಮ್ ಏರಿಸುವುದು. ಅದರಿಂದ ಮಾರ್ದನಿಯೂ ಏರುತ್ತದೆ. ಮೊದಲು ಹಿಂದಿನ ಗೋಡೆಗೆ ದನಿ ಹೀರುವ ಹಲಗೆ ಬೇಕು. ಆಮೇಲೆ ಉದ್ದನೆಯ ಕಾಲಮ್ ಸ್ಪೀಕರನ್ನು ಜನರ ಕಡೆಗೆ ತುಸು ಬಗ್ಗಿಸಿ ಕಟ್ಟಬೇಕು. ಹಿಂಬದಿಗೆ ಬೇರೆ ಸ್ಪೀಕರ್ ಹಾಕಿದರೆ ಪ್ರತಿ 10 ಮೀಟರಿಗೆ ಸುಮಾರು 30 ಮಿಲಿಸೆಕೆಂಡ್ ತಡ ಕೊಡಬೇಕು. ಇದನ್ನು ಬಿಟ್ಟರೆ ಜನ ಜವಾಬು ಕೊಡುವುದನ್ನೇ ನಿಲ್ಲಿಸುತ್ತಾರೆ, ಹಾಡು ಕೊಯರಿನ ಪಾಲಾಗುತ್ತದೆ. ಭಕ್ತಿ ಕಡಿಮೆಯಾಯಿತು ಎಂದು ಪ್ರವಚನದಲ್ಲಿ ಬೈಯುವ ಮೊದಲು ಕೊನೆಯ ಬೆಂಚಿನಲ್ಲಿ ಕೂತು ಒಂದು ವಾಚನ ಕೇಳಿ ನೋಡಬಹುದಲ್ಲವೇ?

ಬೆಂಚಿನ ಲೆಕ್ಕವೂ ಹಾಗೇ. ಒಂದು ಬೆಂಚಿನ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ 90 ಸೆಂಟಿಮೀಟರ್ ಆದರೂ ಬೇಕು. ಹೆಚ್ಚು ಜನ ಹಿಡಿಸಲೆಂದು 75ಕ್ಕೆ ಇಳಿಸಿದರೆ ಮೊಣಕಾಲೂರಿದವರ ಸೊಂಟ ಹಿಂದಿನ ಬೆಂಚಿಗೇ ಒರಗಿರುತ್ತದೆ. ಪ್ಲಾಸ್ಟಿಕ್ ಕುರ್ಚಿ ಹಾಕಿದಲ್ಲಿ ಅದೂ ಇಲ್ಲ, ರೊಟ್ಟಿ, ಪಾನಪಾತ್ರೆ ಎತ್ತುವ ಹೊತ್ತಿನ ಗಂಟೆ ಬಾರಿಸುವಾಗಲೂ ಎಲ್ಲರೂ ನಿಂತೇ ಇರುತ್ತಾರೆ. ಬೆಂಚೇ ಬೇಡವೆಂದರೆ ಅದಕ್ಕೂ ದಾರಿಯಿದೆ. 1969ರಲ್ಲಿ ರೋಮ್ ಭಾರತಕ್ಕೆ ಒಪ್ಪಿಕೊಟ್ಟ 12 ಅಂಶಗಳಲ್ಲಿ ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರುವುದು, ಅಂಜಲಿ, ಪಂಚಾಂಗ ಪ್ರಣಾಮ, ಆರತಿ, ಎಣ್ಣೆದೀಪ ಎಲ್ಲ ಸೇರಿವೆ. ಫಾದರ್ ಅಮಲೋರ್‌ಪವದಾಸ್ ಬೆಂಗಳೂರಿನಲ್ಲಿರುವ ಬೈಬಲ್, ಧರ್ಮೋಪದೇಶ, ದೈವಾರಾಧನೆಯ ರಾಷ್ಟ್ರೀಯ ಕೇಂದ್ರದಲ್ಲಿ ಇದನ್ನು ಆಚರಣೆಗೂ ತಂದರು. ಹಣೆ ನೆಲಕ್ಕೆ ತಾಗುವ ಆ ಪ್ರಣಾಮಕ್ಕೆ ಬೇಕಾದದ್ದು ಖಾಲಿ ನೆಲ ಮಾತ್ರ. ಅದಕ್ಕೂ ಜಾಗ ಬಿಡದೆ, ಮೊಣಕಾಲಿಗೂ ಹಲಗೆ ಕೊಡದೆ ಕಟ್ಟಿದ ಸಭಾಂಗಣವನ್ನು ಆಧುನಿಕ ಎನ್ನುವುದು ಆಧುನಿಕತೆಗೇ ಅವಮಾನ.

ಹೊಸ ದೇವಾಲಯದ ಮಾತು ಎತ್ತಿರುವ ಧರ್ಮಕೇಂದ್ರಗಳು ಪಾಯ ತೋಡುವ ಮುಂಚೆಯೇ ನಿವೇಶನದಲ್ಲಿ ಸುಣ್ಣದ ಗೆರೆ ಎಳೆದು ನೋಡಲಿ. ಬಲಿಪೀಠದ ಜಾಗಕ್ಕೊಂದು ಮೇಜು, ಪೆಟ್ಟಿಗೆಯ ಜಾಗಕ್ಕೊಂದು ದೀಪ. ಬೆಳಿಗ್ಗೆ 7ಕ್ಕೂ ಸಂಜೆ 5ಕ್ಕೂ ಕೊನೆಯ ಸಾಲಿನಲ್ಲಿ ನಿಂತು ನೋಡಿದರೆ ಬಿಸಿಲು ಯಾರ ಕಣ್ಣಿಗೆ ಹೊಡೆಯುತ್ತದೆಂದು ತಿಳಿಯುತ್ತದೆ. ಬಲಿಪೀಠದ ಹಿಂದೆ ಪಶ್ಚಿಮಕ್ಕೆ ಗಾಜು ಇಟ್ಟರೆ ಸಂಜೆ ಪೂಜೆಯಲ್ಲಿ ಗುರುಗಳ ಮುಖ ಕಪ್ಪು ನೆರಳಾಗುತ್ತದೆ. ಆಮೇಲೆ ಪರದೆ ಕಟ್ಟಿ, ಪರದೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು, ಕೊನೆಗೆ ಎಲ್ಲರೂ ಶಿಲುಬೆ ಬಿಟ್ಟು ಅದನ್ನೇ ನೋಡುತ್ತಾರೆ. ಅದೇ ಗೆರೆಗಳ ನಡುವೆ ತೆನೆ ಹಬ್ಬದ ಮೆರವಣಿಗೆಯನ್ನೂ ಒಮ್ಮೆ ನಡೆಸಬೇಕು. ಅಮ್ಮನ ಪಲ್ಲಕ್ಕಿ, ಹೂಬುಟ್ಟಿ ಹಿಡಿದ ಮಕ್ಕಳ ಎರಡು ಸಾಲು ಸರಾಗವಾಗಿ ಸಾಗಲು ನಡುದಾರಿ ಕಡಿಮೆಯೆಂದರೂ 6 ಅಡಿ ಬೇಕು. ತೆನೆ ಆಶೀರ್ವದಿಸುವ ಕಟ್ಟೆಯನ್ನು ಮೊದಲೇ ಗುರುತಿಸಿ, ಅಲ್ಲಿ ಕಾರು ನಿಲ್ಲದ ಹಾಗೆ ನಕ್ಷೆಯಲ್ಲೇ ಬರೆಸಿಬಿಡಬೇಕು.