“ನಮ್ಮನೆ ಹತ್ರ ಹಕ್ಕಿಗಳೇ ಇಲ್ವಲ್ಲಕ್ಕ!”

ಫಾಲ್ಗುಣ ಕಳೆದು ಚೈತ್ರ ಹತ್ತಿರ ಬರುವ ಹೊತ್ತಿಗೆ ಈ ಮಾತು ವಾರಕ್ಕೆ ಎರಡು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಹಾಲಿನ ಬೂತಿನ ಮುಂದೆ ಸಿಗುವವರು, ಮಗಳ ಶಾಲೆಯ ಬೇರೆ ತಾಯಂದಿರು, ಊರಿಂದ ಬಂದ ನೆಂಟರು, ಎಲ್ಲರದ್ದೂ ಒಂದೇ ಪ್ರಶ್ನೆ: “ನಿಮಗೆ ಮಾತ್ರ ಅಷ್ಟೊಂದು ಹಕ್ಕಿ ಎಲ್ಲಿ ಸಿಗ್ತವೆ? ನಮ್ಮನೆ ಹತ್ರ ಕಾಗೆ, ಪಾರಿವಾಳ ಬಿಟ್ರೆ ಏನೂ ಇಲ್ಲ. ರಂಗನತಿಟ್ಟಿಗೋ ಕಬಿನಿಗೋ ಹೋಗ್ಬೇಕು, ಅಲ್ವಾ?” ಅದರ ಬೆನ್ನಿಗೇ ಇನ್ನೊಂದು: “ಕ್ಯಾಮೆರಾ ಯಾವುದು ತಗೊಳ್ಳಲಿ?”

ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಆಗುತ್ತಿಲ್ಲ. ಅದಕ್ಕೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಎಲ್ಲರ ಮನೆಯಂಥದ್ದೇ ಮನೆ. ಮೂವತ್ತು ನಲವತ್ತರ ಸೈಟು, ಹಿಂದೆ ನಾಲ್ಕಡಿ ಜಾಗ. ಅದರಲ್ಲೊಂದು ಕರಿಬೇವು, ಒಂದು ಸೀಬೆ, ಬೇಲಿಯುದ್ದಕ್ಕೂ ದಾಸವಾಳ. ಪಕ್ಕದ ಮನೆಯವರ ನುಗ್ಗೆಮರದ ಅರ್ಧ ನಮ್ಮ ಕಡೆಗೆ ಬಾಗಿದೆ. ಆಚೆ ಖಾಲಿ ಸೈಟಿನಲ್ಲಿ ತಾನಾಗೇ ಹುಟ್ಟಿದ ಒಂದು ಗಸಗಸೆ ಹಣ್ಣಿನ ಮರ. ಇಷ್ಟೇ. ಈ ಇಷ್ಟರೊಳಗೆ, ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ, ನಾನು ನೋಡಿ ಮುಗಿಸಲಾರದಷ್ಟು ನಡೆಯುತ್ತದೆ. ಹಕ್ಕಿಗಳು ನಿಮ್ಮ ಮನೆ ಹತ್ತಿರವೂ ಇವೆ. ವಸಂತದಲ್ಲಂತೂ ಅವೇ ಕೂಗಿ ಕರೆದು ತಾವಿರುವ ಜಾಗ ಹೇಳುತ್ತವೆ. ಮೊದಲು ಬೇಕಾದದ್ದು ಕಿವಿ, ಕಣ್ಣು ಆಮೇಲೆ.

ಬೆಳಗಿನ ಐದೂಮುಕ್ಕಾಲಿಗೆ ತಾರಸಿಗೆ ಹತ್ತಿ. ಯಾರದೋ ಮನೆಯ ಆಂಟೆನಾದ ತುದಿಯಲ್ಲೋ ಸಿಂಟೆಕ್ಸ್ ಟ್ಯಾಂಕಿನ ಮೇಲೋ ಕೂತು ಒಂದು ಹಕ್ಕಿ ಸಿಳ್ಳೆ ಹಾಕಿ ಹಾಡುತ್ತಿರುತ್ತದೆ. ಒಂದೇ ರಾಗವನ್ನು ಎಳೆಯುವುದಿಲ್ಲ, ಹೊರಳಿಸಿ ಹೊರಳಿಸಿ ಹೊಸದು ಮಾಡುತ್ತದೆ. ಅದು ಮಡಿವಾಳ ಹಕ್ಕಿ. ಗಂಡು ಕಪ್ಪು ಬಿಳುಪು, ಹೆಣ್ಣು ಬೂದು. ಚಳಿಗಾಲದಲ್ಲೂ ಇದೇ ಹಕ್ಕಿ ಇದೇ ಹಿತ್ತಲಲ್ಲಿ ಹುಳ ಹೆಕ್ಕಿಕೊಂಡಿತ್ತು, ಆದರೆ ಹಾಡಿರಲಿಲ್ಲ. ಮರಿ ಮಾಡುವ ಕಾಲ ಬಂದಾಗ ಮಾತ್ರ ಅದಕ್ಕೆ ಈ ಕಂಠ. ನಾವು ಮೊಬೈಲಿನ ಅಲಾರಂ ಆರಿಸುವ ಹೊತ್ತಿಗೆ ಅದರ ಅರ್ಧ ಕಛೇರಿ ಮುಗಿದಿರುತ್ತದೆ.

ಬಿಸಿಲು ಸ್ವಲ್ಪ ಏರಿದ ಮೇಲೆ ಇನ್ನೊಂದು ಸದ್ದು. ಟುಕ್... ಟುಕ್... ಟುಕ್... ಒಂದೇ ಲಯ, ನಿಲ್ಲುವುದೇ ಇಲ್ಲ. ಎಷ್ಟೋ ಜನ ಇದನ್ನು ಪಂಪಿನ ಸದ್ದು ಎಂದುಕೊಂಡಿರುತ್ತಾರೆ. ಕಂಚುಗಾರ ತಗಡು ಬಡಿದಂತೆ ಕೇಳುವುದರಿಂದ ಇದಕ್ಕೆ ಕಂಚುಗಾರ ಹಕ್ಕಿ ಎಂದೇ ಹೆಸರು. ಗುಬ್ಬಿಗಿಂತ ತುಸು ದಪ್ಪ, ಮೈ ಎಲೆಹಸಿರು, ಹಣೆಗೆ ಕುಂಕುಮ ಇಟ್ಟ ಹಾಗೆ ಕೆಂಪು, ಕೊರಳು ಹಳದಿ. ಕೂಗುವಾಗ ಕೊಕ್ಕು ತೆರೆಯುವುದಿಲ್ಲ, ಗಂಟಲು ಮಾತ್ರ ಉಬ್ಬಿ ಇಳಿಯುತ್ತದೆ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಕೂಗುವುದರಿಂದ ಸದ್ದು ಎಲ್ಲಿಂದ ಬರುತ್ತಿದೆಯೆಂದು ತಿಳಿಯುವುದೇ ಕಷ್ಟ. ಸುಲಭದ ದಾರಿ ಎಂದರೆ ಹತ್ತಿರದ ಮರದ ತುತ್ತತುದಿಯ ಬೋಳು ಕೊಂಬೆ ನೋಡುವುದು. ಬೆಳಗಿನ ಬಿಸಿಲು ಕಾಯಿಸುತ್ತಾ ಅಲ್ಲೇ ಕೂತಿರುತ್ತದೆ.

ಪಕ್ಕದ ಮನೆ ಅಜ್ಜಿ ಒಮ್ಮೆ ನುಗ್ಗೆಮರದ ಒಣಗಿದ ಕೊಂಬೆಯೊಂದನ್ನು ಕಡಿಸಲು ಆಳು ಕರೆಸಿದ್ದರು. ನಾನು ಕಾಂಪೌಂಡಿನ ಮೇಲಿಂದಲೇ ಕೂಗಿದೆ, “ಅಜ್ಜಿ, ಒಂದು ನಿಮಿಷ! ಆ ಕೊಂಬೆಯ ಕೆಳಗೆ ನೋಡಿ.” ಕೊಂಬೆಯ ಅಡಿಭಾಗದಲ್ಲಿ, ಮಳೆ ಬಿದ್ದರೂ ನೀರು ಒಳಗಿಳಿಯದ ಹಾಗೆ, ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ದುಂಡನೆಯ ತೂತು. ಕೆಳಗೆ ನೆಲದ ಮೇಲೆ ಮರದ ಪುಡಿ. ಗಂಡು ಹೆಣ್ಣು ಸರದಿಯ ಮೇಲೆ ಕೊರೆಯುತ್ತಿದ್ದವು. ಅಜ್ಜಿ ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. “ಇದಕ್ಕೆ ಹಸಿ ಮರ ಆಗಲ್ವೇನೇ?” ಎಂದರು. ಗಟ್ಟಿ ಮರ ಕೊರೆಯಲು ಈ ಪುಟ್ಟ ಕೊಕ್ಕಿಗೆ ಆಗದು, ಅದಕ್ಕೆ ಒಣಗಿ ಮೆದುವಾದ ಕೊಂಬೆಯೇ ಬೇಕು ಎಂದೆ. ಆಳಿಗೆ ಕಾಫಿ ಕೊಟ್ಟು ಕಳಿಸಿದರು. ತೋಟ ಚೊಕ್ಕಟವಾಗಿರಬೇಕೆಂದು ಒಣಕೊಂಬೆಯನ್ನೆಲ್ಲ ಕಡಿಸುವವರನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮನುಷ್ಯರ ತಲೆಯ ಮೇಲೆ ಬೀಳುವ ಹಾಗಿಲ್ಲದಿದ್ದರೆ ದಯವಿಟ್ಟು ಬಿಡಿ.

ಕೋಗಿಲೆಯ ಬಗ್ಗೆ ಒಂದು ಮಾತು. ಯುಗಾದಿಗೆ ಕೋಗಿಲೆ ಎಲ್ಲಿಂದಲೋ ಬರುತ್ತದೆ ಎಂದು ನಾನೂ ಬಹಳ ವರ್ಷ ನಂಬಿದ್ದೆ. ಅದು ವರ್ಷವಿಡೀ ಇಲ್ಲೇ ಇರುತ್ತದೆ, ನಮ್ಮ ಕರಿಬೇವಿನ ಹಣ್ಣು ತಿಂದುಕೊಂಡು, ಬಾಯಿ ಮುಚ್ಚಿಕೊಂಡು. ‘ಕುಹೂ’ ಎನ್ನುವುದು ಗಂಡು, ಕಪ್ಪು ಮೈ, ರಕ್ತದಂಥ ಕಣ್ಣು. ಹೆಣ್ಣಿನ ಮೈ ಕಂದು, ತುಂಬಾ ಬಿಳಿ ಚುಕ್ಕಿ. ದನಿ ‘ಕಿಕ್-ಕಿಕ್-ಕಿಕ್’ ಎಂಬ ಅವಸರದ ಕೂಗು. ಕಾಗೆಗಳು ಕಡ್ಡಿ, ತಂತಿ ಕಚ್ಚಿಕೊಂಡು ಹಾರಾಡಲು ಶುರು ಮಾಡಿದವೆಂದರೆ ಆ ಮರದ ಸುತ್ತ ಹೆಣ್ಣು ಕೋಗಿಲೆಯನ್ನು ಹುಡುಕಿ. ಎಲೆಯ ಮರೆಯಲ್ಲಿ ಕದಲದೆ ಕೂತು, ಕಾಗೆಯ ಗೂಡಿಗೆ ಹೊಂಚು ಹಾಕುತ್ತಿರುತ್ತದೆ. ಮೊಟ್ಟೆ ಅಲ್ಲಿಡಬೇಕಲ್ಲ.

ಈಗ ನನಗೆ ಅತ್ಯಂತ ಪ್ರಿಯವಾದ ಮರಕ್ಕೆ ಬರುತ್ತೇನೆ. ಗಸಗಸೆ ಹಣ್ಣಿನ ಮರ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಆದರೂ ನಮ್ಮ ಬೀದಿಯ ಹಕ್ಕಿಗಳಿಗೆ ಅದು ಅನ್ನಸತ್ರ. ಕೆಮ್ಮೀಸೆ ಪಿಕಳಾರ, ಕೋಗಿಲೆ, ಕುಟ್ರುಹಕ್ಕಿ ಎಲ್ಲವೂ ಅಲ್ಲಿಗೇ. ಆದರೆ ನಾನು ಕಾಯುವುದು ಬದನಿಕೆ ಹಕ್ಕಿಗೆ. ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡದು ಅಷ್ಟೆ, ಸುಮಾರು 8 ಸೆಂಟಿಮೀಟರ್. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು. ಬಣ್ಣವೂ ಮಣ್ಣಿನ ಬಣ್ಣ. ಯಾರೂ ತಿರುಗಿ ನೋಡುವುದಿಲ್ಲ. ಇದರ ಬದುಕು ಮಾವು, ಹೊಂಗೆಗಳ ಕೊಂಬೆಯಲ್ಲಿ ಬೆಳೆಯುವ ಬದನಿಕೆ ಗಿಡದೊಂದಿಗೆ ಹೆಣೆದುಕೊಂಡಿದೆ. ಬದನಿಕೆ ಹಣ್ಣಿನ ಬೀಜ ಅಂಟಂಟು. ಹಣ್ಣು ನುಂಗಿದ ಹಕ್ಕಿ ಆ ಅಂಟು ಬೀಜವನ್ನು ಕೊಂಬೆಗೆ ಒರೆಸಿಯೇ ಕಳಚಿಕೊಳ್ಳಬೇಕು. ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ‘ಟಿಕ್ ಟಿಕ್’ ಎಂದು ತಲೆಯ ಮೇಲೆ ಸದ್ದಾದಾಗ ಕತ್ತೆತ್ತಿದರೆ, ಇಷ್ಟು ವ್ಯವಹಾರ ನಡೆಸುವ ಜೀವ ಅದೇ ಎಂದು ನಂಬಲು ಆಗುವುದಿಲ್ಲ.

ಸೂರಕ್ಕಿಗೆ ನುಗ್ಗೆಹೂ, ದಾಸವಾಳ. ಮೂರು ವರ್ಷದ ಹಿಂದೆ ಬಟ್ಟೆ ಒಣಹಾಕುವ ತಂತಿಯ ಕೊನೆಯಲ್ಲಿ ಕಸದ ಎಳೆಯೊಂದು ಜೋತಾಡುತ್ತಿತ್ತು. ತೆಗೆದುಹಾಕಲು ಕೈ ಚಾಚಿದವಳು, ಅದರ ಮೇಲೆ ಹೆಣ್ಣು ಸೂರಕ್ಕಿ ಬಂದು ಕೂತಾಗ ಹಿಂದೆ ಸರಿದೆ. ಜೇಡರ ಬಲೆಯ ನೂಲು, ಒಣ ತೊಗಟೆಯ ಚೂರು, ಹುಳುಗಳ ಹಿಕ್ಕೆ, ಇಂಥವನ್ನೇ ಅಂಟಿಸಿ ಅಂಟಿಸಿ ಅದೊಂದು ಚೀಲ ಹೆಣೆಯಿತು. ಬಾಗಿಲಿನ ಮೇಲೆ ನಮ್ಮ ಹಳೆಯ ಮನೆಗಳ ಸೂರಿನಂತೆ ಪುಟ್ಟದೊಂದು ಮಾಡು. ದೂರದಿಂದ ಯಾರು ನೋಡಿದರೂ ಕಸವೇ. ಆ ತಿಂಗಳು ನಮ್ಮ ಬಟ್ಟೆಯೆಲ್ಲ ತಾರಸಿಯ ಮೇಲೆ ಒಣಗಿತು.

ಎಲ್ಲ ಸಲವೂ ನಾನು ಹಿಂದೆ ಸರಿದವಳಲ್ಲ. ಮೊದಮೊದಲ ವರ್ಷ ಸಿಂಪಿಗ ಹಕ್ಕಿ ನಮ್ಮ ಕುಂಡದ ಗಿಡದ ಎರಡು ಎಲೆಗಳನ್ನು ಹೊಲಿದು ಗೂಡು ಮಾಡಿತ್ತು. ಕೊಕ್ಕಿನಿಂದ ಅಂಚಿಗೆ ತೂತು ಹಾಕಿ, ಹತ್ತಿಯ ಎಳೆ ತೂರಿಸಿ, ನಿಜವಾಗಿಯೂ ಹೊಲಿಗೆಯೇ. ನನಗೆ ತಡೆಯಲಾಗಲಿಲ್ಲ. ದಿನಾ ಬೆಳಿಗ್ಗೆ ಎಲೆ ಸರಿಸಿ ಮೊಟ್ಟೆ ಎಣಿಸುತ್ತಿದ್ದೆ, ಮಗಳನ್ನೂ ಎತ್ತಿ ತೋರಿಸುತ್ತಿದ್ದೆ. ಸೀಬೆಮರದಲ್ಲಿ ಕೆಂಬೂತ ಕೂತಿರುತ್ತಿದ್ದುದನ್ನು ಕಂಡಿದ್ದೆ, ಅದೂ ನನ್ನನ್ನು ನೋಡುತ್ತಿದೆ ಎಂದು ಹೊಳೆಯಲಿಲ್ಲ. ಐದನೇ ದಿನ ಎಲೆ ಹರಿದಿತ್ತು, ಒಳಗೆ ಏನೂ ಇರಲಿಲ್ಲ. ತಾಯಿ ಹಕ್ಕಿ ಎರಡು ದಿನ ಆ ಕುಂಡದ ಸುತ್ತ ‘ಟುವ್ವಿ ಟುವ್ವಿ’ ಎಂದು ಕೂಗಿತು. ಅಂದಿನಿಂದ ಗೂಡು ಕಂಡರೆ ನಾನು ಹತ್ತಿರ ಹೋಗುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಯಾರಿಗೂ ಜಾಗ ಹೇಳುವುದಿಲ್ಲ.

ಹಿತ್ತಲಲ್ಲಿ ನೀವು ಮಾಡಬಹುದಾದ ಒಂದೇ ಒಂದು ಕೆಲಸ ನೀರಿಡುವುದು. ಅಗಲವಾದ ಮಣ್ಣಿನ ತಟ್ಟೆ, ಎರಡು ಬೆರಳಷ್ಟು ನೀರು, ನಡುವೆ ಒಂದು ಕಲ್ಲು. ಬೆಕ್ಕು ಹಾರಿ ಹಿಡಿಯದಷ್ಟು ಎತ್ತರದಲ್ಲಿರಲಿ, ಹತ್ತಿರದಲ್ಲಿ ಓಡಿ ಅವಿತುಕೊಳ್ಳಲು ಒಂದು ಪೊದೆ ಇರಲಿ. ದಿನಾ ತಿಕ್ಕಿ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ಅಕ್ಕಿ ಚೆಲ್ಲಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಕ್ಕಿಗೆ ಪಾರಿವಾಳದ ಹಿಂಡು ಬರುತ್ತದೆ, ಮಿಕ್ಕವು ದೂರವಾಗುತ್ತವೆ. ಆ ಅಕ್ಕಿಯ ದುಡ್ಡಿಗೆ ಒಂದು ದಾಸವಾಳ ನೆಡಿ.

ಇಷ್ಟು ಹೊತ್ತು ಹಾಡು, ಗೂಡು ಎಂದೆ. ಆದರೆ ನಮ್ಮ ಕಡೆಯ ವಸಂತಕ್ಕೆ ಇನ್ನೊಂದು ಮುಖವಿದೆ, ಅದನ್ನು ಹೇಳಲೇಬೇಕು. ಚಳಿದೇಶಗಳಲ್ಲಿ ವಸಂತವೆಂದರೆ ವಲಸೆ ಹಕ್ಕಿಗಳು ಬರುವ ಕಾಲ. ನಮ್ಮಲ್ಲಿ ಅವು ಹೊರಡುವ ಕಾಲ. ನಮ್ಮ ದಾಸವಾಳದ ಬೇಲಿಯೊಳಗೆ ಚಳಿಗಾಲ ಪೂರ್ತಿ ‘ಚಕ್... ಚಕ್’ ಎಂದು ಯಾರೋ ನಾಲಿಗೆ ಲೊಚಗುಟ್ಟಿದಂಥ ಸದ್ದು. ಅದು ಬ್ಲೈತ್ ಉಲಿಯಕ್ಕಿ. ಹತ್ತು ಹನ್ನೆರಡು ಗ್ರಾಂ ತೂಕದ ಮಾಸಲು ಹಕ್ಕಿ, ಗೂಡು ಕಟ್ಟುವುದು ರಷ್ಯಾ, ಮಧ್ಯ ಏಷ್ಯಾದ ಕಡೆ. ಏಪ್ರಿಲ್‌ನ ಯಾವುದೋ ಒಂದು ಬೆಳಿಗ್ಗೆ ಬೇಲಿ ಸುಮ್ಮನಿರುತ್ತದೆ. ಹೋಗುವಾಗ ಹೇಳುವುದಿಲ್ಲ. ಪಾತ್ರೆ ತೊಳೆಯುತ್ತಾ ಏನೋ ಕಡಿಮೆಯಾಗಿದೆಯಲ್ಲ ಎನಿಸಿ, ಏನೆಂದು ಹೊಳೆಯಲು ಎರಡು ದಿನ ಬೇಕಾಗುತ್ತದೆ.

ಪಾರ್ಕಿನ ಪಕ್ಕದ ಬೂರುಗದ ಮರದಲ್ಲಿ ಈ ಬೀಳ್ಕೊಡುಗೆ ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಎಲೆಯಿಲ್ಲದೆ ಬರೀ ಕೆಂಪು ಹೂ ಹೊತ್ತ ಮರಕ್ಕೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಮುಗಿಬೀಳುತ್ತದೆ. ಬಂದಾಗ ಮಂಕಾಗಿದ್ದವು, ಹೊರಡುವ ಹೊತ್ತಿಗೆ ಬೆನ್ನು ಹೊಟ್ಟೆ ಗುಲಾಬಿಯಾಗಿ, ತಲೆ ಕಪ್ಪಗೆ ಹೊಳೆಯುತ್ತಿರುತ್ತದೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಇವುಗಳಿಗಿಂತ ಮೊದಲೇ ಹೋಗಿರುತ್ತವೆ. ಅವು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಸೇರಬೇಕು. ಅವನ್ನು ನೋಡಬೇಕಾದರೆ ಶಿವರಾತ್ರಿಯವರೆಗೆ ಕಾಯಬೇಡಿ, ಸಂಕ್ರಾಂತಿಗೇ ಹೋಗಿ.

ಮನೆಯಿಂದ ಹೊರಗೆ ನನ್ನ ದಾರಿ ಎಂದರೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಅದರ ಸುತ್ತ ವಾಕಿಂಗ್ ಮಾಡುವವರು ಒಂದು ಗಂಟೆಯಲ್ಲಿ ಸುತ್ತು ಮುಗಿಸುತ್ತಾರೆ, ನನಗೆ ಮೂರು ಗಂಟೆ ಸಾಲದು. ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಯಂತೆ ತೇಲುತ್ತಿರುತ್ತವೆ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ. ಹಾವಕ್ಕಿ ಮುಳುಗಿ ಕತ್ತು ಮಾತ್ರ ಮೇಲೆತ್ತಿದರೆ ಮಕ್ಕಳು ಹಾವೆಂದೇ ಚೀರುತ್ತಾರೆ. ಕೊಳಬಕವನ್ನು ಈ ತಿಂಗಳುಗಳಲ್ಲಿ ತಪ್ಪದೆ ನೋಡಿ. ವರ್ಷವೆಲ್ಲ ಕೆಸರಿನ ಬಣ್ಣದಲ್ಲಿದ್ದ ಹಕ್ಕಿಗೆ ಮರಿ ಮಾಡುವ ಕಾಲ ಹತ್ತಿರವಾಗುತ್ತಿದ್ದಂತೆ ಬೆನ್ನ ಮೇಲೆ ಕೆಂಗಂದು ಶಾಲು ಹೊದಿಸಿದ ಹಾಗಾಗುತ್ತದೆ. ಹೊಸಬರು ಅದನ್ನು ಬೇರೆಯೇ ಹಕ್ಕಿ ಎಂದುಕೊಳ್ಳುತ್ತಾರೆ.

ದಾರಿಯಲ್ಲಿ ನಡೆಯುವುದಕ್ಕಿಂತ ಕೂರುವುದು ಲಾಭ. ಕಲ್ಲುಬೆಂಚಿನ ಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಕೂತರೆ, ನಿಮ್ಮ ಹೆಜ್ಜೆ ಸದ್ದಿಗೆ ಅಡಗಿದ್ದವೆಲ್ಲ ಒಂದೊಂದಾಗಿ ಹೊರಬರುತ್ತವೆ. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲೂ ಅಷ್ಟೆ. ನಂದಿಯವರೆಗೆ ಏದುಸಿರು ಬಿಟ್ಟು ಓಡಿದರೆ ನವಿಲಿನ ಕೂಗು ಬಿಟ್ಟು ಬೇರೇನೂ ದಕ್ಕುವುದಿಲ್ಲ. ಇನ್ನು ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರು ಒಡೆಯರ ಮನವೊಲಿಸಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ ಜಾಗ ಅದು, ಬೇಡ ಎನ್ನುವೆನೆ! ಹೋಗಿ ಬನ್ನಿ. ಆದರೆ ಅಲ್ಲಿಗೆ ವರ್ಷಕ್ಕೊಮ್ಮೆ ಹೋಗಬಹುದು. ನಿನ್ನೆ ಹಾಡಿದ್ದು ಇವತ್ತು ಹಾಡಲಿಲ್ಲ ಎಂಬ ಸುದ್ದಿ ದಿನಾ ಹೋಗುವ ಜಾಗದಲ್ಲಿ ಮಾತ್ರ ಸಿಗುತ್ತದೆ.

ಕ್ಯಾಮೆರಾ ಸದ್ಯಕ್ಕೆ ಬೇಡ. ದುಡ್ಡಿದ್ದರೆ ಮೊದಲು ಬೈನಾಕ್ಯುಲರ್ ತೆಗೆದುಕೊಳ್ಳಿ. ಅದರ ಮೇಲೆ 8×42 ಎಂದಿದ್ದರೆ ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಎಂದರ್ಥ. ಮುಂಜಾವಿನ ಮಬ್ಬಿನಲ್ಲೂ ಚೆನ್ನಾಗಿ ಕಾಣುತ್ತದೆ. ಹೆಚ್ಚು ಪಟ್ಟಿನದಕ್ಕೆ ಆಸೆಪಡಬೇಡಿ, ಕೈ ನಡುಗಿದರೆ ಹಕ್ಕಿಯೂ ನಡುಗುತ್ತದೆ. ಫೋನಿನಲ್ಲಿ ‘ಮರ್ಲಿನ್’ ಆ್ಯಪ್ ಹಾಕಿಕೊಂಡರೆ ಕೂಗು ಕೇಳಿ ಹೆಸರು ಹೇಳುತ್ತದೆ. ಒಳ್ಳೆಯ ಸಹಾಯವೇ, ಆದರೆ ಅದು ಹೇಳಿದ್ದನ್ನು ಕಣ್ಣಾರೆ ಕಂಡ ಮೇಲೇ ಒಪ್ಪಿಕೊಳ್ಳಿ. ಹಕ್ಕಿಯನ್ನು ಹತ್ತಿರ ಕರೆಯಲು ಅದರ ಕೂಗನ್ನೇ ಫೋನಿನಲ್ಲಿ ಹಾಕುವುದು ಮಾತ್ರ ತಪ್ಪು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು, ಮರಿಗೆ ಗುಟುಕು ಕೊಡುವುದನ್ನೂ ಬಿಟ್ಟು ಅದು ಒದ್ದಾಡುತ್ತದೆ. ಜೊತೆಗೊಂದು ನೋಟ್‌ಬುಕ್ ಇರಲಿ. ತಾರೀಕು, ಹೊತ್ತು, ಕಂಡದ್ದು, ಕೇಳಿದ್ದು. ಬೇಕಿದ್ದರೆ ಅದನ್ನೇ ಹಕ್ಕಿ ಪಟ್ಟಿಗಳನ್ನು ಸೇರಿಸಿಡುವ ‘ಇಬರ್ಡ್’ ಜಾಲತಾಣಕ್ಕೂ ಹಾಕಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳನ್ನು ಎಣಿಸುತ್ತಾರೆ, ನಮ್ಮ ದೇಶವೂ 2013ರಿಂದ ಅದರಲ್ಲಿದೆ. ಹದಿನೈದು ನಿಮಿಷ ಎಣಿಸಿದರೂ ಸಾಕು. ನಮ್ಮ ಮಗಳ ಮೊದಲ ಪಟ್ಟಿಯಲ್ಲಿ ಏಳೇ ಹಕ್ಕಿ ಇದ್ದವು, ಅದರಲ್ಲಿ ಒಂದು ‘ಗೊತ್ತಿಲ್ಲ, ಹಳದಿ’.

ಮೊನ್ನೆ ಬೆಳಿಗ್ಗೆ ಅಜ್ಜಿ ಕಾಂಪೌಂಡಿನ ಆಚೆಯಿಂದ ಕರೆದರು. “ಬಾರೇ ಇಲ್ಲಿ. ನಿನ್ ಕಂಚುಗಾರ ಈ ಸಲ ಹಳೇ ತೂತಿಗೆ ಬಂದಿಲ್ಲ. ಪಕ್ಕದಲ್ಲೇ ಹೊಸದು ಕೊರೀತಿದೆ ನೋಡು. ನಿನ್ನೆಯಿಂದ ಕೇಳ್ತಾ ಇದ್ದೀನಿ ನಾನು.” ನಾನು ಕೇಳಿಸಿಕೊಂಡಿರಲಿಲ್ಲ. ಒಲೆಯ ಮೇಲಿನ ಹಾಲು ಇಳಿಸಿ ಹೋದೆ.