ಉಪ್ಪಿನಿಂದ ಆರಂಭಿಸಿ: ಬಯಲುಸೀಮೆಯಲ್ಲಿ ಕಡಲ ಜೀವವಿಜ್ಞಾನದ ಬೋಧನೆ

ದಾವಣಗೆರೆಯಿಂದ ಶಿವಮೊಗ್ಗ, ಸಾಗರದ ಮಾರ್ಗವಾಗಿ ಹೊನ್ನಾವರದ ಕಡಲತೀರವನ್ನು ಮುಟ್ಟಲು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಬೇಕು. ಇಲ್ಲಿನ ಪದವಿ ತರಗತಿಗಳಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿಯಾಗಿ ಹಲವು ವರ್ಷಗಳಿಂದ ಕಡಲ ಜೀವವಿಜ್ಞಾನವನ್ನೂ ಬೋಧಿಸುತ್ತಿರುವ ನನ್ನನ್ನು, ಹೊಸದಾಗಿ ಸೇರುವ ಕಿರಿಯ ಸಹೋದ್ಯೋಗಿಗಳು ಬಹುತೇಕ ಒಂದೇ ಪ್ರಶ್ನೆ ಕೇಳುತ್ತಾರೆ: ಸಮುದ್ರವನ್ನೇ ಕಾಣದ ಮಕ್ಕಳಿಗೆ ಈ ವಿಷಯವನ್ನು ಎಲ್ಲಿಂದ ಆರಂಭಿಸುವುದು? ಪಠ್ಯಕ್ರಮವು ಸಾಮಾನ್ಯವಾಗಿ ಸಮುದ್ರದ ವಲಯಗಳ ಹೆಸರುಗಳಿಂದಲೋ ಪ್ರಾಣಿಗಳ ವರ್ಗೀಕರಣದಿಂದಲೋ ತೊಡಗುತ್ತದೆ; ಕೆಲವರು ಹವಳದ ದಿಬ್ಬಗಳ ಚೆಂದದ ವಿಡಿಯೋ ತೋರಿಸಿ ಆಸಕ್ತಿ ಹುಟ್ಟಿಸಲು ಯತ್ನಿಸುತ್ತಾರೆ. ನಾನು ಉಪ್ಪಿನಿಂದ ಆರಂಭಿಸುತ್ತೇನೆ, ಅವರಿಗೂ ಹಾಗೆಯೇ ಮಾಡಲು ಹೇಳುತ್ತೇನೆ.

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಉಪ್ಪುನೀರು ಅಪರಿಚಿತವಲ್ಲ. ಕೊಳವೆಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯದಿರುವುದನ್ನೂ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನೂ, ಸವಳು ಏರಿದ ಹೊಲದಲ್ಲಿ ಪೈರು ಮೇಲೇಳದಿರುವುದನ್ನೂ ಅವರು ಮನೆಯಲ್ಲಿಯೇ ಕಂಡಿರುತ್ತಾರೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದಾಗಿ ಟಿ.ಡಿ.ಎಸ್. (ನೀರಿನಲ್ಲಿ ಕರಗಿದ ಒಟ್ಟು ಘನಪದಾರ್ಥ) ಎಂಬ ಮಾತೂ ಅವರಿಗೆ ರೂಢಿಯಾಗಿದೆ. ಆದ್ದರಿಂದ ಮೊದಲ ಪ್ರಾಯೋಗಿಕ ತರಗತಿಗೆ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಬಾಟಲಿ ನೀರನ್ನು ತರಬೇಕು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಘನಪದಾರ್ಥವು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2,000 ಮಿಲಿಗ್ರಾಂವರೆಗೆ ಸಹಿಸಬಹುದು. ಅಳೆದ ಅಂಕಿಗಳನ್ನೆಲ್ಲ ಊರಿನ ಹೆಸರಿನೊಡನೆ ಕಪ್ಪುಹಲಗೆಯ ಮೇಲೆ ಬರೆದಾದ ಮೇಲೆ, ಕೊನೆಯ ಸಾಲಿನಲ್ಲಿ ನಾನು ಸಮುದ್ರದ ಅಂಕಿಯನ್ನು ಬರೆಯುತ್ತೇನೆ: ಸುಮಾರು 35,000. ತಮ್ಮ ಊರಿನ ನೀರೇ ಅತಿ ಕೆಟ್ಟದ್ದೆಂದು ಅಲ್ಲಿಯವರೆಗೆ ವಾದಿಸುತ್ತಿದ್ದವರು ಸುಮ್ಮನಾಗುವುದು ಆಗಲೇ. ಜೇಬಿನಲ್ಲಿಟ್ಟುಕೊಳ್ಳುವ ಅಗ್ಗದ ಟಿ.ಡಿ.ಎಸ್. ಮೀಟರ್ ಈ ಮಟ್ಟವನ್ನು ಅಳೆಯಲಾರದು ಎಂಬುದೂ ಒಂದು ಪಾಠವೇ. ಅದಕ್ಕಾಗಿಯೇ, ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಹೊರಗೆ ತೆಗೆಯಬೇಕಾಗುತ್ತದೆ.

ಮುಂದಿನ ಹೆಜ್ಜೆಗೆ ಅಡುಗೆ ಉಪ್ಪು ಮತ್ತು ಆಲೂಗಡ್ಡೆ ಸಾಕು. ಮೂವತ್ತೈದು ಗ್ರಾಂ ಉಪ್ಪನ್ನು ತೂಗಿ, ಒಂದು ಲೀಟರ್ ದ್ರಾವಣವಾಗುವಷ್ಟು ನೀರು ಬೆರೆಸಿ, ಆಲೂಗಡ್ಡೆಯ ತೆಳ್ಳನೆಯ ಹೋಳುಗಳನ್ನು ಅದರಲ್ಲೂ ಸಾದಾ ನೀರಿನಲ್ಲೂ ಹಾಕಿಡುತ್ತೇವೆ. ಪ್ರಯೋಗದ ಅವಧಿ ಮುಗಿಯುವಷ್ಟರಲ್ಲಿ ಉಪ್ಪುನೀರಿನ ಹೋಳು ಬೆರಳಿಗೆ ಸುತ್ತಿಕೊಳ್ಳುವಷ್ಟು ಮೆತ್ತಗಾಗಿರುತ್ತದೆ. ಸಾದಾ ನೀರಿನದು ಬಗ್ಗಿಸಿದರೆ ಟಪ್ಪನೆ ಮುರಿಯುತ್ತದೆ. ಪೊರೆಯ ಮೂಲಕ ನೀರು ಹೆಚ್ಚು ಉಪ್ಪಿರುವ ಕಡೆಗೆ ಸರಿಯುವ ಅಭಿಸರಣೆಯ ವ್ಯಾಖ್ಯೆಯನ್ನು ಪಿಯುಸಿಯಲ್ಲೇ ಉರು ಹೊಡೆದು ಬಂದವರಿಗೆ ನಾನು ಕೇಳುವುದಿಷ್ಟೇ: ಹೋಳಿನಿಂದ ನೀರು ಹೀಗೆ ಹೊರಗೆ ಹೋಗುವುದಾದರೆ, ಹುಟ್ಟಿನಿಂದ ಸಾಯುವವರೆಗೂ ಇದೇ ನೀರಿನಲ್ಲಿರುವ ಬಂಗುಡೆ ಮೀನು ಏಕೆ ಒಣಗಿ ಹೋಗುವುದಿಲ್ಲ?

ಈ ಹಂತದಲ್ಲಿ ಒಮ್ಮೆ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆಯನ್ನು ನಾನು ಈಗ ಪ್ರತಿ ವರ್ಷವೂ ತರಗತಿಗೆ ಹೇಳುತ್ತೇನೆ. “ಮೇಡಂ, ಸಮುದ್ರದ ಮೀನು ಹುಟ್ಟಿದಾಗಿಂದ ಉಪ್ಪು ನೀರಾಗೇ ಇರ್ತೈತಲ್ರೀ, ಮತ್ತೆ ಸಾರು ಮಾಡುವಾಗ ಉಪ್ಪು ಯಾಕ್ ಹಾಕ್ಬೇಕು?” ತರಗತಿಯೆಲ್ಲ ನಕ್ಕಿತು, ಆದರೆ ಆ ಘಟಕದ ತಿರುಳೆಲ್ಲ ಆ ಪ್ರಶ್ನೆಯೊಳಗಿತ್ತು. ಮೂಳೆಯುಳ್ಳ ಸಮುದ್ರ ಮೀನಿನ ರಕ್ತದಲ್ಲಿ ಕರಗಿರುವ ಲವಣದ ಸಾಂದ್ರತೆಯು ಸುತ್ತಲಿನ ನೀರಿನದರ ಸುಮಾರು ಮೂರನೇ ಒಂದು ಭಾಗ ಮಾತ್ರ. ದೇಹದಿಂದ ಸತತವಾಗಿ ಸೋರುವ ನೀರನ್ನು ತುಂಬಿಕೊಳ್ಳಲು ಅದು ಸಮುದ್ರದ ನೀರನ್ನೇ ಕುಡಿಯುತ್ತದೆ. ಅದರೊಡನೆ ಒಳಬಂದ ಸೋಡಿಯಂ, ಕ್ಲೋರೈಡುಗಳನ್ನು ಕಿವಿರಿನಲ್ಲಿರುವ ವಿಶೇಷ ಕೋಶಗಳು ಶಕ್ತಿ ವ್ಯಯಿಸಿ ಹೊರದೂಡುತ್ತವೆ. ಮೂತ್ರವಂತೂ ತೀರಾ ಕಡಿಮೆ. ನಮ್ಮ ಸೂಳೆಕೆರೆಯ ಸಿಹಿನೀರಿನ ಮೀನಿನದು ಇದಕ್ಕೆ ತದ್ವಿರುದ್ಧವಾದ ಪಾಡು: ಬೇಡವೆಂದರೂ ಒಳನುಗ್ಗುವ ನೀರನ್ನು ತೆಳುವಾದ ಮೂತ್ರವಾಗಿ ಧಾರಾಳವಾಗಿ ಹೊರಹಾಕಬೇಕು, ಉಪ್ಪನ್ನು ಹಿಡಿದಿಟ್ಟುಕೊಳ್ಳಬೇಕು. ಎರಡೂ ಮೀನುಗಳ ರಕ್ತದ ಲವಣಾಂಶದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಅದನ್ನು ಕಾಯ್ದುಕೊಳ್ಳುವ ಕೆಲಸ ಮಾತ್ರ ಉಲ್ಟಾ ಎಂಬುದು ಮನದಟ್ಟಾದರೆ, ಯೂರಿಯಾವನ್ನು ರಕ್ತದಲ್ಲಿ ಉಳಿಸಿಕೊಂಡು ಸಮುದ್ರದೊಡನೆ ಸರಿದೂಗುವ ಶಾರ್ಕನ್ನೂ, ಸುತ್ತಲಿನ ನೀರಿನಷ್ಟೇ ಉಪ್ಪಾದ ದ್ರವವನ್ನು ಮೈತುಂಬಿಕೊಂಡಿರುವ ನಕ್ಷತ್ರಮೀನನ್ನೂ ವಿದ್ಯಾರ್ಥಿಗಳು ಹೆಚ್ಚಿನ ವಿವರಣೆಯಿಲ್ಲದೆ ಅರ್ಥಮಾಡಿಕೊಳ್ಳುತ್ತಾರೆ. ವರ್ಗೀಕರಣದ ಪಟ್ಟಿಯನ್ನು ಮೊದಲೇ ಕೊಟ್ಟಿದ್ದರೆ ಇವೆಲ್ಲ ನೆನಪಿಡಬೇಕಾದ ಪ್ರತ್ಯೇಕ ಸಂಗತಿಗಳಾಗಿ ಉಳಿಯುತ್ತಿದ್ದವು.

ಕಿವಿರನ್ನು ತೋರಿಸಲು ಪ್ರಾಣಿಯನ್ನು ಕೊಲ್ಲಬೇಕಾಗಿಲ್ಲ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಣಿಗಳ ಛೇದನವನ್ನು ನಿಲ್ಲಿಸುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2014ರಲ್ಲಿ ಸೂಚಿಸಿದ ಮೇಲೆ ಪ್ರಯೋಗಾಲಯಗಳು ಚಿತ್ರಪಟ ಮತ್ತು ಕಂಪ್ಯೂಟರ್ ಪರದೆಗಳ ಕಡೆಗೆ ವಾಲಿವೆ. ಆ ಆದೇಶದ ಉದ್ದೇಶಕ್ಕೆ ನನ್ನ ತಕರಾರಿಲ್ಲ. ಮೀನಿನ ಅಂಗಡಿಯಲ್ಲಿ ಶುಚಿಮಾಡುವಾಗ ಎಸೆಯುವ ತಲೆ ಮತ್ತು ಕಿವಿರು ನಮಗೆ ಸಾಕಾಗುತ್ತವೆ. “ಬಿಸಾಕೋದೇ ಮೇಡಂ, ಎಷ್ಟು ಬೇಕೋ ಒಯ್ಯಿರಿ” ಎನ್ನುತ್ತಾರೆ ಅಂಗಡಿಯವರು. ಬಂಗುಡೆಯ ಕಿವಿರಿನ ಮುಚ್ಚಳವನ್ನು ಎತ್ತಿದರೆ ಕಮಾನಿನ ಹೊರಬದಿಗೆ ಉಸಿರಾಟದ ಕೆಂಪು ಎಳೆಗಳು, ಒಳಬದಿಗೆ ಬಾಚಣಿಗೆಯ ಹಲ್ಲುಗಳಂತೆ ಒತ್ತಾಗಿ ನಿಂತ ಉದ್ದನೆಯ ಕಡ್ಡಿಗಳು ಕಾಣುತ್ತವೆ. ಈ ಕಡ್ಡಿಗಳು ನೀರಿನಲ್ಲಿ ತೇಲುವ ಪುಟ್ಟ ಜೀವಿಗಳಾದ ಪ್ಲವಕಗಳನ್ನು ಸೋಸಿ ಹಿಡಿಯುತ್ತವೆ. ಅದರ ಪಕ್ಕದಲ್ಲೇ ಅಂಜಲ್ ಮೀನಿನ ಕಿವಿರನ್ನು ಇಟ್ಟರೆ ಅಲ್ಲಿ ಬೆರಳೆಣಿಕೆಯಷ್ಟು ಕಡ್ಡಿಗಳಷ್ಟೇ ಸಿಗುತ್ತವೆ, ಏಕೆಂದರೆ ಅದು ಬೇರೆ ಮೀನುಗಳನ್ನು ಬೇಟೆಯಾಡಿ ನುಂಗುವಂಥದ್ದು. ಯಾವುದು ಏನನ್ನು ತಿನ್ನುತ್ತದೆಂದು ನಾನು ಹೇಳುವುದಿಲ್ಲ. ಭೂತಗನ್ನಡಿ ಮತ್ತು ಚಿಮುಟ ಕೊಟ್ಟು, ಎಣಿಸಿ ಊಹಿಸಿರಿ ಎನ್ನುತ್ತೇನೆ. ಮನೆಯಲ್ಲಿ ಮೀನಿನ ಹೆಸರನ್ನೇ ಎತ್ತದ ಕುಟುಂಬಗಳ ವಿದ್ಯಾರ್ಥಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಮುಟ್ಟಲೇಬೇಕೆಂದು ಅವರನ್ನು ನಾನು ಒತ್ತಾಯಿಸುವುದಿಲ್ಲ, ಪಕ್ಕದವರು ಹಿಡಿದಿದ್ದನ್ನು ನೋಡಿ ಚಿತ್ರ ಬರೆಯಲು ಹೇಳುತ್ತೇನೆ. ಕೈಗವಸು ಕೇಳಿ ತಾವೇ ಮುಂದೆ ಬರುವವರು ಅವರಲ್ಲಿ ಅನೇಕರು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುವುದರಿಂದ ಈ ಪ್ರಯೋಗವನ್ನು ಆಗಸ್ಟ್ ನಂತರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಹಾಗೆ ಮುಂದೂಡುವಾಗ ಕಾರಣವನ್ನು ತರಗತಿಯಲ್ಲಿ ಹೇಳಿಬಿಟ್ಟರೆ ಮಳೆಗಾಲ ಮತ್ತು ಮೀನಿನ ಸಂತಾನೋತ್ಪತ್ತಿಯ ಪಾಠಕ್ಕೂ ಅಲ್ಲೇ ಪೀಠಿಕೆಯಾಗುತ್ತದೆ.

ಉಪ್ಪಿನ ನಂತರ ಉಬ್ಬರವಿಳಿತ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರಕಟಿಸುವ ಕೋಷ್ಟಕದಿಂದ ಕಾರವಾರದ ಒಂದು ತಿಂಗಳ ನೀರಿನ ಮಟ್ಟಗಳನ್ನು ಕೊಟ್ಟು ಗ್ರಾಫ್ ಹಾಳೆಯಲ್ಲಿ ಬಿಡಿಸಲು ಹೇಳುತ್ತೇನೆ. ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುವುದು, ಆ ಎರಡು ಏರಿಕೆಗಳೂ ಸಮನಾಗಿರದಿರುವುದು, ಮರುದಿನದ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುವುದು ಅವರ ಪೆನ್ಸಿಲ್ಲಿನಿಂದಲೇ ಹೊರಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹಿಗ್ಗುವುದನ್ನು ಕಂಡು ಯಾರಾದರೊಬ್ಬರು ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಕ್ಷೇತ್ರಪ್ರವಾಸದ ದಿನಾಂಕವನ್ನು ಈ ಗ್ರಾಫಿನಿಂದ ವಿದ್ಯಾರ್ಥಿಗಳೇ ಆರಿಸಬೇಕೆಂಬುದು ನಮ್ಮ ವಿಭಾಗದಲ್ಲಿ ನಾನು ಹಟ ಹಿಡಿದು ಉಳಿಸಿಕೊಂಡ ಪದ್ಧತಿ. ರಜೆ, ಬಸ್ಸು, ಅನುಮತಿಪತ್ರಗಳ ಅನುಕೂಲ ನೋಡಿ ಕಚೇರಿ ನಿಗದಿಪಡಿಸುವ ದಿನ ಅಷ್ಟಮಿಯ ಹತ್ತಿರ ಬಿದ್ದರೆ ಬಂಡೆಗಳ ಕೆಳಭಾಗ ನೀರಿನಿಂದ ಹೊರಬರುವುದೇ ಇಲ್ಲ. ರಾತ್ರಿಯೆಲ್ಲ ಪ್ರಯಾಣ ಮಾಡಿ ಹೋದವರು ಅಲೆ ನೋಡಿ, ಫೋಟೋ ತೆಗೆಸಿಕೊಂಡು ಮರಳಬೇಕಾಗುತ್ತದೆ.

ಸರಿಯಾದ ಇಳಿತದ ಹೊತ್ತಿಗೆ ತಲುಪಿದರೆ ಬಂಡೆಯ ಮೇಲೆ ಅಡ್ಡಪಟ್ಟಿಗಳೇ ಕಾಣುತ್ತವೆ. ಮೇಲ್ತುದಿಯಲ್ಲಿ ಪುಟ್ಟ ಬಸವನಹುಳುಗಳು, ಅದರ ಕೆಳಗೆ ಬಂಡೆಗೆ ಅಂಟಿಕೊಂಡ ಬಾರ್ನಕಲ್‌ಗಳು, ಇನ್ನೂ ಕೆಳಗೆ ಕಪ್ಪೆಚಿಪ್ಪುಗಳು ಮತ್ತು ಪಾಚಿ. ಕಬ್ಬಿಣದ ಚೌಕಟ್ಟನ್ನು ಇಟ್ಟು ಒಳಗಿನದನ್ನು ಎಣಿಸುವುದಷ್ಟೇ ಕೆಲಸ. ಚಿಪ್ಪು ಇರುವುದರಿಂದ ಬಾರ್ನಕಲ್ ಬಸವನಹುಳುವಿನ ಬಂಧು ಎಂದುಕೊಂಡವರು, ಅದು ಏಡಿ, ಸಿಗಡಿಗಳ ಗುಂಪಿನದೆಂದು ತಿಳಿದು ಚೌಕಟ್ಟಿನ ಮುಂದೆ ಮತ್ತೊಮ್ಮೆ ಕೂರುತ್ತಾರೆ. ಯಾವ ಜೀವಿಯನ್ನೂ ಸಂಗ್ರಹಿಸಬಾರದು, ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡಬೇಕು ಎಂಬ ನಿಯಮವನ್ನು ಬಸ್ಸು ಹತ್ತುವ ಮೊದಲೇ ಹೇಳಿರುತ್ತೇನೆ. ಹವಳ, ಕಡಲಕುದುರೆ, ಕಡಲಸೌತೆಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಗಾಜಿನ ಬಾಟಲಿಯಲ್ಲಿ ಫಾರ್ಮಲಿನ್ ತುಂಬಿ ಮಾದರಿಗಳನ್ನು ಪೇರಿಸಿಡುತ್ತಿದ್ದ ಹಳೆಯ ಕಾಲೇಜುಗಳ ಸಂಪ್ರದಾಯ ಈಗ ಸಲ್ಲದು.

ಮರುದಿನಕ್ಕೆ ಅಘನಾಶಿನಿಯ ಅಳಿವೆ. 2024ರಲ್ಲಿ ರಾಮ್‌ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಮಾನ್ಯವಾದ ಈ ಪ್ರದೇಶ ನಮ್ಮ ವಿದ್ಯಾರ್ಥಿಗಳಿಗೆ ಕಡಲತೀರಕ್ಕಿಂತ ಹೆಚ್ಚು ಕಲಿಸುತ್ತದೆಂಬುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ನದಿಯ ನೀರು ನುಗ್ಗಿ ಇಲ್ಲಿನ ಉಪ್ಪಿನಂಶ ಕುಸಿಯುತ್ತದೆ, ಬೇಸಿಗೆಯಲ್ಲಿ ಸಮುದ್ರದ ನೀರು ಒಳಕ್ಕೆ ಏರಿ ಅದು ಮತ್ತೆ ಹೆಚ್ಚುತ್ತದೆ. ಈ ತೂಗಾಟವನ್ನು ತಾಳಬಲ್ಲ ಜೀವಿಗಳಷ್ಟೇ ಇಲ್ಲಿ ನೆಲೆಸಬಲ್ಲವು. ಇಳಿತದ ಕೆಸರಿನಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಿರುವುದನ್ನು ಎಲ್ಲರೂ ನೋಡುತ್ತಾರೆ, ಆದರೆ ನಮ್ಮ ಕಡೆಯ ರೈತರ ಮಕ್ಕಳು ತಡೆದು ನಿಲ್ಲುವುದು ಉಪ್ಪುನೀರು ನುಗ್ಗುವ ತಗ್ಗುಗದ್ದೆಗಳಾದ ಗಜನಿ ಭೂಮಿಯ ಏರಿಯ ಮೇಲೆ. ಉಪ್ಪುನೀರು ತಾಳುವ ಕಗ್ಗ ಭತ್ತವನ್ನು ಅಲ್ಲಿ ಮಳೆಗಾಲದಲ್ಲಿ ಬೆಳೆಯುತ್ತಾರೆ ಎಂದು ಹೇಳಿದರೆ, ತಳಿ ಎಷ್ಟು ಎತ್ತರ ಬರುತ್ತದೆ, ಗೊಬ್ಬರ ಏನು ಹಾಕುತ್ತಾರೆ, ಆ ಬೀಜವನ್ನು ನಮ್ಮ ಸವಳು ಗದ್ದೆಗೆ ತಂದರೆ ಬಂದೀತೇ ಎಂದು ಊರಿನವರನ್ನೇ ವಿಚಾರಿಸತೊಡಗುತ್ತಾರೆ. ರಿಫ್ರ್ಯಾಕ್ಟೋಮೀಟರಿನ ಮೇಲೆ ಗಜನಿಯ ಒಂದು ಹನಿ, ನದಿಯ ಮೇಲ್ಭಾಗದ ಒಂದು ಹನಿ, ಅಳಿವೆಯ ಬಾಯಿಯ ಒಂದು ಹನಿ ಇಟ್ಟು ಓದಿ ಬರೆದುಕೊಳ್ಳುವುದನ್ನು ಆಮೇಲೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಸಮುದ್ರವು ಚಿತ್ರದುರ್ಗದಲ್ಲೇ ಇತ್ತೆಂದು ಹೇಳಿ ಪಾಠ ಆರಂಭಿಸುವ ಸಹೋದ್ಯೋಗಿಗಳಿದ್ದಾರೆ. ಮಾತು ಸುಳ್ಳಲ್ಲ. ಮರಡಿಹಳ್ಳಿಯ ಬಳಿಯಿರುವ ದಿಂಬಿನಾಕಾರದ ಲಾವಾ ಶಿಲೆಗಳು ನೀರಿನಡಿಯಲ್ಲಿ ಉಕ್ಕಿದ ಲಾವಾ ತಟ್ಟನೆ ತಣಿದಾಗ ಉಂಟಾದಂಥವು. ಸುಮಾರು 250 ಕೋಟಿ ವರ್ಷ ಹಳೆಯವೆನ್ನಲಾಗುವ ಆ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ನಾನೂ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತೇನೆ, ಆದರೆ ವರ್ಷದ ಕೊನೆಯಲ್ಲಿ. ಆ ಕಾಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಹೊರತು ಬೇರೇನೂ ಇರಲಿಲ್ಲ. ಬೆರಗು ಹುಟ್ಟಿಸಲು ಆ ಬಂಡೆಗಳು ಸಾಕು, ಬಂಗುಡೆಯ ಕಿವಿರನ್ನು ವಿವರಿಸಲು ಅವು ನೆರವಾಗುವುದಿಲ್ಲ.

ಇನ್ನು ಇದನ್ನೇ ವೃತ್ತಿಯಾಗಿ ಆರಿಸಿಕೊಳ್ಳಬಯಸುವವರಿಗೆ ಹೇಳಬೇಕಾದ ಮಾತು. ನಮ್ಮ ಕಡೆಯ ಕಾಲೇಜುಗಳಲ್ಲಿ ‘ಕಡಲ ಜೀವವಿಜ್ಞಾನ’ ಎಂಬ ಹೆಸರಿನ ಹುದ್ದೆ ಸಿಗುವುದಿಲ್ಲ. ಕರೆಯುವುದು ಪ್ರಾಣಿಶಾಸ್ತ್ರದ ಹುದ್ದೆಗಳನ್ನು, ಬೋಧನೆಯ ಹೆಚ್ಚಿನ ಪಾಲು ಕೋಶಶಾಸ್ತ್ರ, ತಳಿಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳದ್ದು. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 55 ಅಂಕ ಮತ್ತು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟ) ಅಥವಾ ಕೆ-ಸೆಟ್ (ರಾಜ್ಯಮಟ್ಟ) ಅರ್ಹತೆ ಬೇಕು. ಇವೆರಡರಲ್ಲೂ ಜೀವವಿಜ್ಞಾನವೇ ಪರೀಕ್ಷಾ ವಿಷಯವಾಗಿರುವುದರಿಂದ ಸಸ್ಯಶಾಸ್ತ್ರವನ್ನೂ ಜೀವರಸಾಯನಶಾಸ್ತ್ರವನ್ನೂ ಓದದೆ ಗತ್ಯಂತರವಿಲ್ಲ. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗದಲ್ಲಿ ಕಡಲ ಜೀವವಿಜ್ಞಾನದ ಎಂ.ಎಸ್‌ಸಿ. ಮಾಡಬಯಸುವವರು, ತಾವು ಮುಂದೆ ಅರ್ಜಿ ಹಾಕಬಹುದಾದ ನೇಮಕಾತಿಗಳ ಹಿಂದಿನ ಅಧಿಸೂಚನೆಗಳನ್ನು ತೆಗೆದು, ಆ ಪದವಿಯನ್ನು ಪ್ರಾಣಿಶಾಸ್ತ್ರದ ಸಂಬಂಧಿತ ವಿಷಯವೆಂದು ಪರಿಗಣಿಸಲಾಗಿದೆಯೇ ಎಂದು ಪ್ರವೇಶಕ್ಕೆ ಮುಂಚೆಯೇ ನೋಡಿಕೊಳ್ಳಬೇಕು. ಕಾಯಂ ನೇಮಕಾತಿಯ ನಡುವಿನ ಅಂತರದಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯಬೇಕಾಗಬಹುದು. ಅದರಲ್ಲಿ ಮುಂದಿನ ವರ್ಷದ ಭರವಸೆ ಇರುವುದಿಲ್ಲವೆಂಬುದನ್ನು ಮನೆಯವರೊಡನೆಯೂ ಬಿಚ್ಚಿ ಮಾತನಾಡಿರಬೇಕು.

ಮೀನುಗಾರಿಕೆ ಇಲಾಖೆಯ ಅಧಿಕಾರಿಯಾಗಬೇಕೆಂಬ ಆಸೆಯಿಂದ ಬಿ.ಎಸ್‌ಸಿ.ಗೆ ಸೇರಿದವರು ಪ್ರತಿ ವರ್ಷವೂ ಒಬ್ಬಿಬ್ಬರು ಸಿಗುತ್ತಾರೆ. ಆ ದಾರಿ ಸಾಮಾನ್ಯವಾಗಿ ಮೀನುಗಾರಿಕೆ ವಿಜ್ಞಾನದ ಬಿ.ಎಫ್.ಎಸ್‌ಸಿ. ಪದವಿಯ ಮೂಲಕ ಹೋಗುತ್ತದೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಪಿಯುಸಿ ಮುಗಿದೊಡನೆ ಸಿಇಟಿ ಬರೆದು ಸೇರಬೇಕು. ಪದವಿಯ ಮೂರನೇ ವರ್ಷದಲ್ಲಿ ಇದನ್ನು ತಿಳಿದು ಯಾರಿಗೂ ಉಪಯೋಗವಿಲ್ಲದ ಕಾರಣ, ನಾನು ಇದನ್ನು ಮೊದಲ ಸೆಮಿಸ್ಟರಿನ ಮೊದಲ ವಾರದಲ್ಲೇ, ನೀರಿನ ಬಾಟಲಿ ತರಲು ಹೇಳುವ ತರಗತಿಯಲ್ಲಿಯೇ ಹೇಳಿಬಿಡುತ್ತೇನೆ. ಅಕ್ಕಪಕ್ಕದ ಪಿಯು ಕಾಲೇಜುಗಳಿಂದ ಉಪನ್ಯಾಸಕ್ಕೆ ಕರೆ ಬಂದರೆ ಅಲ್ಲಿಯೂ ಇದೇ ಮಾಹಿತಿಯನ್ನು ಮೊದಲು ಕೊಡುತ್ತೇನೆ.